ಬಲಗೈ ನಾಳೆ

"ಹನ್ನೊಂದು ನಿಮಿಷ ಆಯ್ತು. ಇನ್ನೂ ಒಡೀಲಿಲ್ಲ ಮಾ."

ಪ್ರಣಮ್ಯಾ ನೆಲದ ಮೇಲೆ ಬೋರಲು ಮಲಗಿ, ಪಾರ್ಸೆಲ್ ಡಬ್ಬಿಯ ಮುಚ್ಚಳವೊಂದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡಿದ್ದಳು. ಮುಚ್ಚಳ ಅವಳಪ್ಪ ಮೋನಪ್ಪ ಗಲ್ಲಾದಲ್ಲಿ ಕೂರುವ ಹೋಟೆಲಿನದು. ಅದರ ಮೇಲೆ ಮೊದಲು ಚಿನ್ನದ ಬಣ್ಣದ ನೈಲ್ ಪಾಲಿಶ್, ಅದರ ಮೇಲೆ ಶಾಲೆಯ ಮಕ್ಕಳು ಕಾಗದ ಅಂಟಿಸುವ ಬಿಳಿ ಗೋಂದು, ಗೋಂದಿನ ಮೇಲೆ ಕುಂಕುಮಕ್ಕಿಂತ ತುಸು ಕಪ್ಪಾದ ಕೆಂಪು. ಮೇಲಿನ ಕೆಂಪು ಒಣಗುತ್ತಾ ಒಣಗುತ್ತಾ ತಾನಾಗಿ ಬಿರಿಯಬೇಕು, ಬಿರುಕಿನ ಸಂದಿಯಲ್ಲಿ ಚಿನ್ನ ಇಣುಕಬೇಕು. ಅಂಥ ಬಣ್ಣ ಮೊದಲು ಅಂಗಡಿಯಲ್ಲೇ ಸಿಗುತ್ತಿತ್ತಂತೆ. ಈಗ ಆ ಫ್ಯಾಷನ್ ಹೋಗಿದೆ, ಬೇಕಾದವರು ಮನೆಯಲ್ಲೇ ಮಾಡಿಕೊಳ್ಳಬೇಕು. ಪ್ರಣಮ್ಯಾ ಮಧ್ಯಾಹ್ನದಿಂದ ಐದು ಮುಚ್ಚಳ ಹಾಳು ಮಾಡಿದ್ದಳು. ಒಂದರಲ್ಲಿ ಗೋಂದು ಹೆಚ್ಚಾಗಿ ಬಣ್ಣವೆಲ್ಲ ಹಾವಿನ ಪೊರೆಯ ಹಾಗೆ ಎದ್ದು ಬಂದಿತ್ತು. ಇನ್ನೊಂದರಲ್ಲಿ ಗೋಂದು ಪೂರ್ತಿ ಒಣಗಿಹೋಗಿ ಬಿರುಕೇ ಬಿಟ್ಟಿರಲಿಲ್ಲ.

"ಆಗದಿದ್ರೆ ಬಿಡು ಮಾರಾಯ್ತಿ. ಕಿಟಕಿಯಾದ್ರೂ ತೆಗಿ" ಎಂದಳು ಜಲಜಾಕ್ಷಿ.

ಅವಳು ಗೋಡೆಗೆ ಬೆನ್ನು ಕೊಟ್ಟು, ಈ ತಮಿಳು ಪಟ್ಟಣದಿಂದ ಊರಿಗೆ ಹೋಗುವ ನಾಳೆ ಸಂಜೆಯ ಮಂಗಳೂರು ರೈಲಿಗೆ ಗಂಟು ಕಟ್ಟುತ್ತಿದ್ದಳು. ಕಟ್ಟುತ್ತಿದ್ದಳು ಎಂದು ಹೆಸರಿಗೆ. ಕನ್ನಡಿಯನ್ನು ಟವೆಲಿನಲ್ಲಿ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು, ಇದೇ ನಡೆದಿತ್ತು. ಆ ಬಣ್ಣದ ವಾಸನೆ ಅವಳ ಗಂಟಲಿಗೆ ಬಂದು ಕುಳಿತಿತ್ತು. ಇಪ್ಪತ್ತು ವರ್ಷಗಳಿಂದ ಅವಳು ಅದನ್ನು ಹೊಸಿಲು ದಾಟಲು ಬಿಟ್ಟಿರಲಿಲ್ಲ. ಪ್ರಣಮ್ಯಾ ಕಾಲೇಜಿಗೆ ಸೇರಿದ ಮೇಲೂ ಉಗುರಿಗೆ ಬಣ್ಣ ಬೇಕಿದ್ದರೆ ಗೆಳತಿಯ ಮನೆಯಲ್ಲಿ ಹಾಕಿಕೊಂಡು, ಒಣಗಿಸಿಕೊಂಡೇ ಬರಬೇಕಿತ್ತು. ಯಾಕೆ ಎಂದರೆ ತಲೆನೋವು ಬರುತ್ತದೆ ಎನ್ನುತ್ತಿದ್ದಳು. ಈ ಸಲ ಮಾತ್ರ ಬೇಡವೆನ್ನಲು ಬಾಯಿ ಬರಲಿಲ್ಲ. ಹುಡುಗಿ ಕೇಳಿದ್ದು ತನಗಲ್ಲ, ಅಕ್ಕನಿಗೆ.

ಅಕ್ಕ ಎಂದರೆ ಸೀತಾ. ಜಲಜಾಕ್ಷಿಯ ದೊಡ್ಡ ಮಗಳು. ಐದು ವರ್ಷದವಳಿರುವಾಗ, ಮೂರು ದಿನದ ಜ್ವರದಲ್ಲಿ ಹೋದವಳು. ಅವಳು ಹೋದ ಮರುವರ್ಷ ಪ್ರಣಮ್ಯಾ ಹುಟ್ಟಿದ್ದು. ನಾಡಿದ್ದು ಊರಿನಲ್ಲಿ, ಜಲಜಾಕ್ಷಿಯ ಅಣ್ಣ ಐತಪ್ಪನ ಅಂಗಳದಲ್ಲಿ ಸೀತಾಳ ಮದುವೆ.

ಮದುವೆಯಾಗದೆ ಸತ್ತ ಮಕ್ಕಳು ಹೋದ ಪ್ರಾಯದಲ್ಲೇ ನಿಲ್ಲುವುದಿಲ್ಲ, ಇಲ್ಲಿಯವರ ಹಾಗೆಯೇ ಅಲ್ಲಿಯೂ ಬೆಳೆಯುತ್ತಾರೆ, ಹೊತ್ತಿಗೆ ಸರಿಯಾಗಿ ಅವರಿಗೂ ಜೋಡಿ ನೋಡಿ ಆಟಿಯಲ್ಲಿ, ಎಂದರೆ ಆಷಾಢ ತಿಂಗಳಲ್ಲಿ, ಧಾರೆ ಎರೆಯಬೇಕು ಎನ್ನುವುದು ಅವರ ಕಡೆಯ ನಡಾವಳಿ. ಹುಡುಗ ರಜತ್. ಏಳು ವರ್ಷಕ್ಕೆ ಕೆರೆಗೆ ಬಿದ್ದು ಹೋದವನು. ಬಳಿ ಅಂದರೆ ಗೋತ್ರ ಬೇರೆ, ಪ್ರಾಯ ಹೊಂದುತ್ತದೆ, ಮನೆತನ ಒಳ್ಳೆಯದು ಎಂದು ಐತಪ್ಪ ಎರಡು ವರ್ಷಗಳಿಂದ ಹೇಳುತ್ತಲೇ ಇದ್ದ. ಎರಡು ಸಲವೂ ಜಲಜಾಕ್ಷಿ ಈ ಆಟಿಗೆ ಬೇಡ, ಮುಂದಿನ ಆಟಿಗೆ ನೋಡುವ ಎಂದು ತಳ್ಳಿಹಾಕಿದ್ದಳು. ಹುಡುಗನ ಕಡೆಯವರು ಬೇರೆ ಹೆಣ್ಣು ನೋಡುತ್ತೇವೆ ಎಂದಾಗ ಮೋನಪ್ಪ ಅವಳನ್ನು ಕೇಳದೆ ಹೂಂ ಎಂದಿದ್ದ.

ಅವಳು ಬೇಡ ಎಂದದ್ದಕ್ಕೆ ಕಾರಣ ಇತ್ತು. ಪ್ರತಿ ಆಟಿಯಲ್ಲಿ ಅವಳು ಅಡುಗೆಮನೆಯಲ್ಲಿ ಸೀತಾಳಿಗೊಂದು ಎಲೆ ಹಾಕುತ್ತಿದ್ದಳು. ನೀರುದೋಸೆ, ಬೆಲ್ಲ ಹಾಕಿದ ಕಾಯಿಹಾಲು. ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕಾಯಬೇಕು. ಉಣ್ಣುವವರು ಉಂಡಾದ ಮೇಲೆ ಹೊರಗಿನವರು ಒಮ್ಮೆ ಕೆಮ್ಮಿ, ಬಾಗಿಲು ತೆಗೆಯಬೇಕು. ವರ್ಷಕ್ಕೆ ಆ ಹದಿನೈದು ನಿಮಿಷ ತನ್ನ ಮಗಳು ತನ್ನ ಮನೆಯೊಳಗಿದ್ದಾಳೆ ಎಂದು ಅವಳು ಬಾಗಿಲಿಗೆ ಕಿವಿ ಕೊಟ್ಟು ಕುಳಿತಿರುತ್ತಿದ್ದಳು. ಧಾರೆ ಆಯಿತೋ, ಎಲೆ ಗಂಡನ ಮನೆಯಲ್ಲಿ. ಮುಂದಿನ ಆಟಿಗೆ ಈ ಬಾಗಿಲು ಮುಚ್ಚುವ ಕೆಲಸವಿಲ್ಲ.

"ಮಾ! ಬಂತು! ಬಂತು ನೋಡು!"

ಪ್ರಣಮ್ಯಾ ಮುಚ್ಚಳವನ್ನು ತಂದು ಅವಳ ಮುಖಕ್ಕೆ ಹಿಡಿದಳು. ಕೆಂಪು ಬಣ್ಣ ಬೇಸಿಗೆಯ ಕೆರೆಯ ತಳದ ಹಾಗೆ ತುಂಡು ತುಂಡಾಗಿ ಬಿರಿದು, ಸಂದಿಗಳಲ್ಲಿ ಚಿನ್ನ ಹೊಳೆಯುತ್ತಿತ್ತು. ನೋಡುತ್ತಿದ್ದ ಹಾಗೆಯೇ ಇನ್ನೊಂದು ಗೆರೆ ಸದ್ದಿಲ್ಲದೆ ಸೀಳಿಕೊಂಡು ಓಡಿತು.

"ಗೋಂದು ಅರ್ಧ ಒಣಗಿರಬೇಕು, ಅಂಚು ಕನ್ನಡಿ ಥರಾ ಆಗ್ತದಲ್ಲ, ಆವಾಗ್ಲೇ ಒಂದೇ ಎಳೆತ. ಎರಡನೇ ಸಲ ಬ್ರಷ್ ತಾಗಿಸ್ಲೇ ಕೂಡದು. ತಾಗಿಸಿದ್ರೆ ಅವ್ವಳವುದಾನ್, ಮುಗೀತು!"

"ಒಡೆದದ್ದು ಮದುಮಗಳಿಗೆ ಆಗ್ತದಾ ಅಂತ ಯೋಚನೆ ನನಗೆ."

"ಒಡೆದದ್ದು ಎಲ್ಲುಂಟು? ಅಡಿಯಲ್ಲಿ ಚಿನ್ನ ಹಾಗೇ ಉಂಟಲ್ಲ" ಎಂದ ಪ್ರಣಮ್ಯಾ ತನ್ನ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು ಬಿಡಿಸಿದಳು. ಒಳಗೆ ಬೆರಳಿಗೆ ಅಂಟಿಸಿಕೊಳ್ಳುವ ಸುಳ್ಳು ಉಗುರುಗಳು. ಇಪ್ಪತ್ತನಾಲ್ಕು. ಹೆಬ್ಬೆರಳಿನದರಿಂದ ಕಿರುಬೆರಳಿನದರವರೆಗೆ ಹಲವು ಅಳತೆ. "ಅಕ್ಕನಿಗೆ ಬಣ್ಣ ಹಾಕುವಾ ಅಂದ್ರೆ ಕೈ ಎಲ್ಲಿಂದ ತರೋದು? ಬಾಟ್ಲಿ ಕಳಿಸಿದ್ರೆ ಅಲ್ಲಿ ಹಾಕಿಕೊಡುವವರು ಯಾರು? ಅದಕ್ಕೆ ರೆಡಿ ಉಗುರೇ ಕಳಿಸೋದು. ಹೇಗೆ ನನ್ನ ಐಡಿಯಾ?"

ಅವಳು ಒಂದು ರಟ್ಟಿನ ಮೇಲೆ ಐದು ಉಗುರುಗಳನ್ನು ಸಾಲಾಗಿ ಅಂಟಿಸಿ, ಚಿನ್ನದ ಬಾಟಲಿಯನ್ನು ಅಲುಗಿಸಿದಳು. ಒಳಗಿನ ಗುಂಡು ಟಿಕಟಿಕ ಎಂದಿತು. ಜಲಜಾಕ್ಷಿಯ ಕೈಯಲ್ಲಿದ್ದ ಕನ್ನಡಿ ಟವೆಲಿನೊಳಗೆ ಜಾರಿತು. ಬೆರಳಿಲ್ಲದ ಐದು ಉಗುರು, ನೆಲದೊಳಗಿನಿಂದ ಯಾರೋ ಕೈ ಚಾಚಿ ತುದಿ ಮಾತ್ರ ಮೇಲೆ ತೋರಿಸಿದ ಹಾಗೆ ಕಂಡಿತು ಅವಳಿಗೆ. ನೋಡಬಾರದೆಂದು ಮುಖ ತಿರುಗಿಸಿದಳು. ನೋಡಿದಳು.

ಅಷ್ಟರಲ್ಲಿ ಫೋನ್ ಬಂತು. ಐತಪ್ಪನ ಹೆಂಡತಿ, ಅವಳ ಅತ್ತಿಗೆ. ಪ್ರಣಮ್ಯಾಳಿಗೂ ಕೇಳಲೆಂದು ಜಲಜಾಕ್ಷಿ ಸ್ಪೀಕರ್ ಹಾಕಿದಳು.

"ಜಲಜಾ, ಹುಡುಗನ ತಾಯಿ ಕೇಳ್ತಿದ್ದಾರೆ. ಅವರ ಕಡೆಯಿಂದ ಒಂದು ಡಜನ್ ಬಳೆ ಇಡ್ತಾರಂತೆ. ಅಳತೆ ಎಷ್ಟು ಹೇಳು."

"ಒಂದೂಮುಕ್ಕಾಲು" ಎಂದಳು ಜಲಜಾಕ್ಷಿ, ಒಂದು ಗಳಿಗೆಯೂ ಯೋಚಿಸದೆ. "ನಾನೂ ಅದೇ ತಗೊಂಡದ್ದು."

ಆ ಕಡೆ ಹಿಂದೆ ಎಲ್ಲೋ ಕೋಳಿ ಕೂಗುವುದು ಕೇಳಿಸಿತು.

"ಒಂದೂಮುಕ್ಕಾಲು ಅಂದ್ರೆ ಮಕ್ಕಳದ್ದಲ್ವಾ ಜಲಜಾ" ಎಂದಳು ಅತ್ತಿಗೆ ಮೆಲ್ಲಗೆ.

ಪ್ರಣಮ್ಯಾ ಬ್ರಷ್ ಕೆಳಗಿಟ್ಟು, ಗಂಟಿನೊಳಗಿನ ಕಾಗದದ ಸುರುಳಿ ತೆಗೆದು ಬಿಡಿಸಿದಳು. ಹಸಿರು ಗಾಜಿನ ಬಳೆ, ಒಂದು ಡಜನ್. ಅವಳ ಬೆರಳ ಗೆಣ್ಣು ದಾಟದಷ್ಟು ಚಿಕ್ಕವು. ಹಿಂದಿನ ವಾರ ಜಲಜಾಕ್ಷಿ ಒಬ್ಬಳೇ ಪೇಟೆಗೆ ಹೋಗಿ, ಅಂಗಡಿಯವನು ಎಷ್ಟು ಅಳತೆ ಎಂದಾಗ ಕೈಯಲ್ಲಿ ತೋರಿಸಿ, ಆರಿಸಿ ತಂದದ್ದು. ಮದುವೆಗೆ ಎಂದು ಹೇಳಿಯೇ ತಂದಿದ್ದಳು. ಅಂಗಡಿಯವನು ಒಂಥರಾ ನೋಡಿದ್ದು ಯಾಕೆಂದು ಅವಳಿಗೆ ಈಗ ತಿಳಿಯಿತು.

"ಅವಳಿಗೆ ಈಗ ಇಪ್ಪತ್ತೈದಲ್ವಾ" ಎಂದಿತು ಫೋನಿನೊಳಗಿನ ದನಿ. "ನಾನು ಎರಡೂಕಾಲು ಹೇಳ್ತೇನೆ, ಆಯ್ತಾ? ನೀನು ಬೇಜಾರು ಮಾಡ್ಬೇಡ."

ಫೋನ್ ಇಟ್ಟ ಮೇಲೆ ಪ್ರಣಮ್ಯಾ ತನ್ನ ಕೈಯನ್ನೇ ನೋಡಿಕೊಂಡಳು. "ನನಗೂ ಎರಡೂಕಾಲೇ. ಅಕ್ಕನ ಕೈ ನನ್ನ ಹಾಗೇ ಇರ್ತಿತ್ತೇನೋ" ಎಂದು, ಗಂಟಿನಲ್ಲಿದ್ದ ಮದುಮಗಳ ಸೀರೆಯ ಮೇಲೆ ಅಳತೆ ನೋಡುವವಳ ಹಾಗೆ ಅಂಗೈ ಊರಿದಳು.

"ತೆಗಿ ಕೈ!"

ಜಲಜಾಕ್ಷಿ ಎಳೆದ ರಭಸಕ್ಕೆ ಹುಡುಗಿಯ ಮಣಿಕಟ್ಟು ಕೆಂಪಾಯಿತು. "ಅವಳದ್ದಕ್ಕೆ ನಿನ್ನ ಕೈ ಇಡ್ಬೇಡ. ಆ ಉಗುರನ್ನೂ ನಿನ್ನ ಬೆರಳಿಗೆ ಇಟ್ಟು ನೋಡಿದ್ದೀಯಾ? ನಿಜ ಹೇಳು."

"ಇಲ್ಲ ಮಾ... ರಟ್ಟಿನಲ್ಲೇ ಅಂಟಿಸಿದ್ದು. ನನಗೂ ಭಯ ಉಂಟು, ಗೊತ್ತಾ?"

ಪ್ರಣಮ್ಯಾ ತಲೆ ತಗ್ಗಿಸಿಕೊಂಡು ಕೆಲಸ ಮಾಡಿದಳು. ಚಿನ್ನ ಒಣಗಲು ಫ್ಯಾನಿನ ಕೆಳಗಿಟ್ಟಳು. ಗೋಂದಿನ ಅಂಚು ತಿಳಿಯಾಗುವುದನ್ನು ಉಸಿರು ಹಿಡಿದು ನೋಡಿದಳು. ಒಂದೊಂದು ಉಗುರಿಗೂ ಒಂದೇ ಎಳೆತ. ಐದೂ ಒಂದರ ಹಿಂದೆ ಒಂದು ಬಿರಿದವು. ಬೆನ್ನು ನೆಟ್ಟಗೆ ಮಾಡಿ, ಮೈಮುರಿದು, ಆಕಳಿಸುತ್ತಾ ಹೇಳಿದಳು:

"ಅಪ್ಪಾಡಾ. ಎಡಗೈ ಮುಗೀತು. ಬಲಗೈ ನಾಳೆ ಹಾಕ್ತೇನೆ."

ಜಲಜಾಕ್ಷಿ ಎದ್ದು ನಿಂತಿದ್ದಳು. ಯಾವಾಗ ಎದ್ದಳೆಂದು ಅವಳಿಗೂ ಗೊತ್ತಿಲ್ಲ.

"ಎಂತ ಹೇಳಿದ್ದು ನೀನು?"

"ನಾಳೆ ಬೆಳಿಗ್ಗೆ ಹಾಕ್ತೇನೆ ಅಂತ. ಟ್ರೈನ್ ಸಾಯಂಕಾಲ ತಾನೇ? ಯಾಕ್ ಮಾ, ಮುಖ ಯಾಕೆ ಹಾಗೆ ಮಾಡ್ತೀ?"

ಜಲಜಾಕ್ಷಿ ಮೆಲ್ಲಗೆ ಕುಳಿತಳು, ರಟ್ಟಿನ ಎದುರಿಗೇ. ಬಿರಿದ ಐದು ಉಗುರು, ಪೊಟ್ಟಣದಲ್ಲಿ ಉಳಿದ ಬೋಳು ಉಗುರುಗಳು.

"ಅಂದು ನಾನೂ ಹೀಗೇ ಹೇಳಿದ್ದು" ಎಂದಳು.

ಇಪ್ಪತ್ತು ವರ್ಷದಲ್ಲಿ ಅವಳು ಅದನ್ನು ಮೋನಪ್ಪನಿಗೂ ಹೇಳಿರಲಿಲ್ಲ. ಆಗ ಅವರು ಇದೇ ವೆಸ್ಟ್ ಮಾಂಬಲಂನಲ್ಲಿ, ಹಳಿಯ ಪಕ್ಕದ ಒಂದು ಕೋಣೆಯ ಮನೆಯಲ್ಲಿದ್ದರು. ಒಂದು ಶನಿವಾರ ಮಧ್ಯಾಹ್ನ ಸೀತಾ ಗುಲಾಬಿ ಬಣ್ಣದ ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಒಳಗಿನ ಗುಂಡಿನ ಸದ್ದು ಕೇಳುತ್ತಾ, ಹಾಕು ಹಾಕು ಎಂದು ಕಾಡಿದಳು. ಎಡಗೈ ಹಾಕಿ ಮುಗಿಯುವಷ್ಟರಲ್ಲಿ ಹೋಟೆಲಿನಿಂದ ಎರಡು ಬುಟ್ಟಿ ತೆಂಗಿನಕಾಯಿ ಬಂತು. ಸಂಜೆಯೊಳಗೆ ತುರಿದು ಕೊಡಬೇಕು. ಬಲಗೈ ನಾಳೆ ಎಂದು ಹೇಳಿ ಜಲಜಾಕ್ಷಿ ತುರಿಮಣೆ ಹಿಡಿದು ಕುಳಿತಳು. ಬೆಳಗಾಗುವಾಗ ಮಗುವಿನ ಮೈ ಸುಡುತ್ತಿತ್ತು.

"ಆಸ್ಪತ್ರೆಯಲ್ಲಿ ಬೆರಳಿಗೊಂದು ಕ್ಲಿಪ್ ಸಿಕ್ಕಿಸ್ತಾರಲ್ಲ, ಉಸಿರು ಎಷ್ಟುಂಟು ಅಂತ ನೋಡ್ಲಿಕ್ಕೆ. ನರ್ಸ್ ಹೇಳಿದ್ಳು, ಬಣ್ಣ ಇದ್ರೆ ಸರಿ ತೋರಿಸುವುದಿಲ್ಲ, ಬಣ್ಣ ಇಲ್ಲದ ಕೈ ಕೊಡಿ ಅಂತ. ಬಲಗೈ ಕೊಟ್ಟೆ. ಅದರೊಳಗೆ ಕೆಂಪು ದೀಪ ಇರ್ತದೆ. ಬೆರಳ ತುದಿ ಕೆಂಪು ಕೆಂಪು ಆಯ್ತು." ಜಲಜಾಕ್ಷಿ ತನ್ನ ತೋರುಬೆರಳನ್ನೇ ನೋಡುತ್ತಿದ್ದಳು. "ಅವಳು ಅಂದ್ಳು, 'ಅಮ್ಮಾ, ಈ ಕೈಗೆ ಇವರು ಹಾಕಿದ್ರು' ಅಂತ. ಅದೇ ಕಡೆಯ ಮಾತು. ಮರುದಿನ ಕ್ಲಿಪ್ ತೆಗೆದಾಗ ಬೋಳು ಉಗುರು. ಹಾಗೇ ಕಳಿಸಿದ್ದು ನಾನು. ಪ್ರತಿ ಆಟಿಗೆ ಬಡಿಸಿ ಬಾಗಿಲು ಹಾಕ್ತೇನಲ್ಲ, ಎಲೆಗೆ ಬರುವುದು ಆ ಬಲಗೈಯೇ ಅಲ್ವಾ?"

ಪ್ರಣಮ್ಯಾ ರಟ್ಟನ್ನು ತಿರುಗಿಸಿ ಅಮ್ಮನ ಮುಂದಿಟ್ಟಳು. ಚಿನ್ನದ ಬಾಟಲಿ, ಗೋಂದು, ಕೆಂಪು ಬಾಟಲಿ ಮೂರನ್ನೂ ಅದರ ಪಕ್ಕ ಸಾಲಾಗಿ ಇಟ್ಟಳು.

"ನೀನೇ ಹಾಕು. ನಾನು ಟೈಮ್ ನೋಡ್ತೇನೆ."

ಜಲಜಾಕ್ಷಿ ಪೊಟ್ಟಣದೊಳಗೆ ಬೆರಳಾಡಿಸಿದಳು. ಮೊದಲು ಕೈಗೆ ಬಂದದ್ದು ಎಲ್ಲಕ್ಕಿಂತ ಚಿಕ್ಕದು, ಅಕ್ಕಿ ಕಾಳಿಗಿಂತ ತುಸು ಅಗಲದ ಒಂದು ಉಗುರು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಅಂಥದೇ ಇನ್ನೆರಡು ಆರಿಸಿದಳು. ಅವುಗಳನ್ನು ರಟ್ಟಿನ ಮೇಲೆ, ಪ್ರಣಮ್ಯಾ ಮಾಡಿದ ಎಡಗೈಯ ಪಕ್ಕದಲ್ಲಿಟ್ಟಾಗ ಒಂದು ಕೈ ಹೆಂಗಸಿನದು, ಇನ್ನೊಂದು ಕೈ ಕೂಸಿನದು ಆಯಿತು. ಫ್ಯಾನಿನ ಗಾಳಿಗೆ ಚಿಕ್ಕವು ತಾವಾಗಿಯೇ ಸರಿದು ನೆಲಕ್ಕೆ ಬಿದ್ದವು. ಪ್ರಣಮ್ಯಾ ಹೆಕ್ಕಲು ಬಗ್ಗಿದಳು.

"ಬಿಡು" ಎಂದಳು ಜಲಜಾಕ್ಷಿ. ದೊಡ್ಡವುಗಳಲ್ಲಿ ಐದನ್ನು, ಎಡಗೈಗೆ ಜೊತೆಯಾಗುವಂಥವನ್ನು, ಆರಿಸಿ ಅಂಟಿಸಿದಳು.

ಮೂವತ್ತು ವರ್ಷ ತುರಿಮಣೆ, ಕತ್ತಿ ಹಿಡಿದ ಕೈ. ಕೆಲಸ ಶುರುವಾದ ಮೇಲೆ ತಾನೇ ನಡೆಯಿತು. ಚಿನ್ನ, ಮೇಲೆ ಗೋಂದು. "ಈಗ!" ಎಂದಳು ಪ್ರಣಮ್ಯಾ. ಕೆಂಪು, ಒಂದೇ ಎಳೆತ. ಐದನೆಯದಕ್ಕೆ ಬರುವಾಗ ಕದ ಯಾರೋ ತಟ್ಟಿದರು. ಜಲಜಾಕ್ಷಿ ತಲೆ ಎತ್ತಲಿಲ್ಲ. ಮತ್ತೂ ತಟ್ಟಿದರು. ಕಿರುಬೆರಳಿನದನ್ನು ಎಳೆದು ಮುಗಿಸಿ, ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿದ ಮೇಲೆಯೇ ಎದ್ದದ್ದು.

ಮಹಡಿಯ ಮೇಲಿನ ಜಯಲಕ್ಷ್ಮೀ, ಮನೆಯ ಒಡತಿ. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು.

"ಏನಡೀ ಜಲಜಾ, ಮಹಡಿ ತನಕ ಪೆಯಿಂಟ್ ವಾಸನೆ. ನನ್ನ ಕೇಳದೆ ಗೋಡೆಗೆ ಬಣ್ಣ ಹೊಡೀತಿದ್ದೀರಾ ಅಂತ ಓಡಿ ಬಂದೆ."

"ಗೋಡೆಗಲ್ಲ ಅಮ್ಮ, ಉಗುರಿಗೆ. ಮದುವೆ ಉಂಟಲ್ಲ."

"ಓಹೋ, ಊರಿಗೆ ಹೋಗೋದು ಮದುವೆಗಾ? ಯಾರ ಮದುವೆ?"

ಜಲಜಾಕ್ಷಿ ಒಮ್ಮೆ ಹಿಂತಿರುಗಿ ನೋಡಿದಳು. ಪ್ರಣಮ್ಯಾ ರಟ್ಟಿಗೆ ಗಾಳಿ ಹಾಕುತ್ತಾ ಇವರತ್ತಲೇ ನೋಡುತ್ತಿದ್ದಳು.

"ನನ್ನ ದೊಡ್ಡ ಮಗಳದ್ದು" ಎಂದಳು ಜಲಜಾಕ್ಷಿ.

"ದೊಡ್ಡ ಮಗಳಾ! ಹನ್ನೆರಡು ವರ್ಷದಿಂದ ನಮ್ಮನೇಲಿದ್ದೀ, ಒಂದು ವಾರ್ತೆ ಹೇಳಲಿಲ್ಲವಲ್ಲೇ! ನಿನಗೆ ಇವಳೊಬ್ಬಳೇ ಅಂತಲೇ ಇದ್ದೆ ನಾನು. ಎಷ್ಟು ವಯಸ್ಸು?"

"ಇಪ್ಪತ್ತೈದು."

"ಸರಿಯಾದ ವಯಸ್ಸು. ಊರಲ್ಲೇ ಬೆಳೆದಳೇನು? ಹುಡುಗ ಎಲ್ಲಿರೋದು?"

"ಅವನೂ ಅಲ್ಲೇ ಇರುವುದು ಅಮ್ಮ."

"ಅದು ಒಳ್ಳೇದಾಯ್ತು. ಗೊತ್ತಿರೋ ಜಾಗವೇ ಆದರೆ ಹುಡುಗಿಗೂ ಕಷ್ಟವಿಲ್ಲ, ನಿನಗೂ ಕೊರಗಿಲ್ಲ" ಎಂದ ಜಯಲಕ್ಷ್ಮೀ, ಇರು ಎಂದು ಮೇಲೆ ಹೋಗಿ, ಕುಂಕುಮ ಹಚ್ಚಿದ ಒಂದು ರವಿಕೆ ಕಣ ತಂದು ಕೈಯಲ್ಲಿಟ್ಟರು. "ನಾನು ಕೊಟ್ಟೆ ಅಂತ ಹೇಳು. ಹೋಗಿ ಚೆನ್ನಾಗಿ ಮಾಡಿಕೊಟ್ಟು ಬಾ."

ಜಲಜಾಕ್ಷಿ ಅದನ್ನು ಗಂಟಿನಲ್ಲಿ ಸೀರೆಯ ಮೇಲಿಟ್ಟಳು. ಚಿಕ್ಕ ಬಳೆಗಳನ್ನು ಗಂಟಿಗೆ ಸೇರಿಸಲಿಲ್ಲ. ಅಂಗಡಿಗೆ ಹಿಂದಕ್ಕೆ ಕೊಡು ಎಂದು ಪ್ರಣಮ್ಯಾಳ ಕೈಗೂ ಕೊಡಲಿಲ್ಲ. ಕಾಗದ ಸುತ್ತಿ, ಅಕ್ಕಿಯ ಡಬ್ಬಿಯಲ್ಲಿ, ಅಕ್ಕಿಯೊಳಗೆ ಇಳಿಬಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ಮೋನಪ್ಪ ಹೋಟೆಲಿನಿಂದ ಬಾಳೆಲೆ ತಂದ. ನೆಲದ ಮೇಲಿನ ಮುಚ್ಚಳಗಳನ್ನು ನೋಡಿ, "ಡಬ್ಬಿಗಳ ಮುಚ್ಚಳ ಎಲ್ಲ ಇಲ್ಲಿಗೆ ಬಂದ್ರೆ ಸಾಂಬಾರ್ ಪಾರ್ಸೆಲ್‌ಗೆ ನಾನು ಅಂಗೈ ಮುಚ್ಚಿ ಕೊಡುವುದಾ?" ಎಂದ. ಯಾರೂ ನಗದಿದ್ದಾಗ ಸುಮ್ಮನೆ ಕಾಲು ತೊಳೆಯಲು ಹೋದ.

ಈ ಮನೆಯಲ್ಲಿ ಸೀತಾಳ ಕಡೆಯ ಎಲೆಯನ್ನು ಎಂದಿನ ಹಾಗೆ ಕುಡಿಯ ತುದಿಯಷ್ಟು ಕತ್ತರಿಸದೆ, ಜಲಜಾಕ್ಷಿ ಅಗಲವಾಗಿಯೇ ಹಾಕಿದಳು. ನೀರುದೋಸೆ ಎರಡರ ಬದಲು ಆರು. ಕಾಯಿಹಾಲು ಬಟ್ಟಲಿನ ತುಂಬ. ಎಲೆಯ ಎಡಗಡೆಗೆ ಒಣಗಿದ ಐದು ಉಗುರಿನ ರಟ್ಟಿನ ತುಂಡು, ಬಲಗಡೆಗೆ ತಾನು ಬಣ್ಣ ಹಾಕಿದ ಐದು. ಅವುಗಳಲ್ಲಿ ಮೂರು ಮಾತ್ರ ಬಿರಿದಿದ್ದವು. ಎರಡು ಇನ್ನೂ ಹಸಿಯಾಗಿ, ಒಂದೇ ಕೆಂಪಾಗಿ ಮಿನುಗುತ್ತಿದ್ದವು. ಬಣ್ಣದ ಬಾಟಲಿಗಳನ್ನೂ ಅಲ್ಲೇ ಇಟ್ಟಳು. ಬಾಗಿಲು ಮುಚ್ಚಿದಳು.

ಮೂವರೂ ಹೊರಗಿನ ಕೋಣೆಯಲ್ಲಿ ಕುಳಿತರು. ಫ್ಯಾನ್ ನಿಲ್ಲಿಸಿದ್ದರಿಂದ ಗೋಡೆಯ ಗಡಿಯಾರ ದೊಡ್ಡದಾಗಿ ಕೇಳುತ್ತಿತ್ತು. ಹದಿನೈದು ನಿಮಿಷ ಆಯಿತು. ಮೋನಪ್ಪ ಎದ್ದು ಬಾಗಿಲ ಹತ್ತಿರ ಹೋಗಿ, ಕೆಮ್ಮಲು ಗಂಟಲು ಸರಿಮಾಡಿಕೊಂಡ.

"ತೆಗೀಲಾ?"

"ಸ್ವಲ್ಪ ನಿಲ್ಲಿ" ಎಂದಳು ಜಲಜಾಕ್ಷಿ. "ಬಲಗೈದು ಇನ್ನೂ ಒಣಗಿರ್ಲಿಕ್ಕಿಲ್ಲ."

ಮೋನಪ್ಪ ಮಗಳ ಮುಖ ನೋಡಿದ. ಅವಳು ತಲೆ ಅಲ್ಲಾಡಿಸಿದಳು. ಅವನು ಬಂದು ಹೆಂಡತಿಯ ಪಕ್ಕದಲ್ಲಿ ಕುಳಿತ. ತಾಂಬರಂ ಕಡೆಯ ಎಲೆಕ್ಟ್ರಿಕ್ ರೈಲು ದೂರದಲ್ಲಿ ಹೋಯಿತು. ಮುಚ್ಚಿದ ಬಾಗಿಲಿನಾಚೆ ಪಾತ್ರೆಗಳು ಸಣ್ಣಗೆ ಅದುರಿ, ಸುಮ್ಮನಾದವು. ಸುಮ್ಮನಾದ ಮೇಲೆ ಒಳಗೆ ಏನೋ ಒಂದು ಸಲ, ಬಾಟಲಿಯೊಳಗಿನ ಗುಂಡಿನ ಹಾಗೆ, ಟಿಕ್ ಎಂದಿತು. ಜಲಜಾಕ್ಷಿ ತನ್ನ ಬಲಗೈಯನ್ನು ಮೊಣಕಾಲ ಮೇಲೆ ಅಂಗಾತ ಅಲ್ಲ, ಬೋರಲಾಗಿ, ಐದೂ ಬೆರಳು ಬಿಡಿಸಿ, ಸೀರೆಗೆ ತಾಗದ ಹಾಗೆ ಎತ್ತಿ ಹಿಡಿದುಕೊಂಡು ಕುಳಿತೇ ಇದ್ದಳು.